ಹೆಸರು ಮುಚ್ಚಿದರೆ ಮನೆ ಮುಚ್ಚಿದಂತಲ್ಲ

ಪ್ರಶ್ನೆ: ಮೇಡಂ, ನಮ್ಮದು ದಾವಣಗೆರೆ. ಎರಡು ವರ್ಷದಿಂದ ನಮ್ಮ ಮನೆಯ ದಿನನಿತ್ಯದ ಕಥೆಗಳನ್ನು ಬರೆದು ಅಂತರ್ಜಾಲದಲ್ಲಿ ಹಾಕುತ್ತಿದ್ದೇನೆ. ಎಂಟು ವರ್ಷದ ಮಗಳು, ಹದಿಮೂರರ ಮಗ, ಅತ್ತೆ, ಯಜಮಾನರು, ಅಡುಗೆ, ಹಬ್ಬ, ಮುನಿಸು ಎಲ್ಲವೂ ಬರುತ್ತದೆ. ಯಾರ ಹೆಸರನ್ನೂ ಬರೆಯುವುದಿಲ್ಲ. ಮಗಳು ‘ಪುಟ್ಟಿ’, ಮಗ ‘ದೊಡ್ಡೋನು’. ಹೋದ ತಿಂಗಳು ಮಾರ್ಕೆಟ್ಟಿನಲ್ಲಿ ಸೊಪ್ಪು ಆರಿಸುತ್ತಿದ್ದೆ. ಎಂದೂ ನೋಡದ ಹೆಂಗಸೊಬ್ಬರು ಪಕ್ಕಕ್ಕೆ ಬಂದು, “ನೀವು ಪುಟ್ಟಿ ಅಮ್ಮ ಅಲ್ವಾ? ಅತ್ತೆಯವರ ಮಂಡಿ ಆಪರೇಷನ್ ಆಯ್ತಾ?” ಎಂದರು. ಪ್ರೀತಿಯಿಂದಲೇ ಕೇಳಿದರು. ನನಗೆ ಮಾತ್ರ ಕೈಕಾಲು ತಣ್ಣಗಾದವು. ಅವರಿಗೆ ಹೇಗೆ ಗೊತ್ತಾಯಿತು? ಇನ್ನು ಬರೆಯುವುದನ್ನೇ ನಿಲ್ಲಿಸಬೇಕೆ?

ಉತ್ತರ: ನಿಲ್ಲಿಸಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದುತ್ತಾ ಹೋದ ಹಾಗೆ ನಿಮಗೆ ಎಲ್ಲವನ್ನೂ ಅಳಿಸಿಬಿಡುವ ಮನಸ್ಸಾಗಬಹುದು.

ನೀವು ಕಳಿಸಿದ ಕೊಂಡಿ ಹಿಡಿದು, ನಿಮ್ಮ ಅನುಮತಿಯ ಮೇಲೆ, ನಲವತ್ತೊಂದು ಬರಹಗಳನ್ನು ಎರಡು ರಾತ್ರಿ ಕೂತು ಓದಿದೆ. ಚೆನ್ನಾಗಿ ಬರೆಯುತ್ತೀರಿ. ನಿಮ್ಮ ಅತ್ತೆಯವರು ಮಂಡಕ್ಕಿಗೆ ಒಗ್ಗರಣೆ ಹಾಕುವ ಮುಂಚೆ ಒಂದು ಕಾಳು ಬಾಯಿಗೆ ಹಾಕಿಕೊಂಡು ಗರಿಗರಿ ಇದೆಯೇ ಎಂದು ನೋಡುವುದನ್ನು ಓದಿ ನನಗೆ ನಮ್ಮಮ್ಮ ಕಣ್ಣ ಮುಂದೆ ಬಂದರು. ಇಂಥ ಬರಹ ಇರಬೇಕು. ಅದಕ್ಕಾಗಿಯೇ ಇಷ್ಟು ಉದ್ದ ಉತ್ತರ ಬರೆಯುತ್ತಿದ್ದೇನೆ.

ಓದುವಾಗ ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಟ್ಟುಕೊಂಡಿದ್ದೆ. ನಿಮ್ಮನ್ನು ಹುಡುಕಿಕೊಂಡು ಬರುವವನು ಏನೇನು ಬರೆದುಕೊಳ್ಳುತ್ತಾನೋ ಅದನ್ನೇ ನಾನೂ ಬರೆದುಕೊಂಡೆ. (ಇಲ್ಲಿ ಆ ವಿವರಗಳನ್ನು ಬೇಕೆಂದೇ ಬದಲಿಸಿ ಹೇಳುತ್ತಿದ್ದೇನೆ. ಕುಂದವಾಡ ಕೆರೆ ಎಂದು ಇರುವಲ್ಲಿ ನಿಜವಾಗಿ ಇರುವುದು ಬೇರೆ ಜಾಗ. ನಿಮ್ಮ ಗುಟ್ಟು ಕಾಯುವ ಉತ್ತರವೇ ಅದನ್ನು ಬಿಟ್ಟುಕೊಡಬಾರದು.) ಮೂರನೆಯ ಬರಹದಲ್ಲಿ ಟೆರೇಸಿನಿಂದ ಕುಂದವಾಡ ಕೆರೆ ಕಾಣುತ್ತದೆ ಎಂದಿದೆ. ಒಂಬತ್ತನೆಯದರಲ್ಲಿ ಯಜಮಾನರು ಬೆಳಗ್ಗೆ ಮಂಡಿಪೇಟೆಯ ಅಂಗಡಿ ತೆಗೆಯಲು ಹೋಗುತ್ತಾರೆ. ಹದಿನಾರನೆಯದರಲ್ಲಿ ಮಗಳನ್ನು ವ್ಯಾನಿಗೆ ಹತ್ತಿಸುವ ಹೊತ್ತು ಎಂಟು ಹತ್ತು, ಜಾಗ ತಿರುವಿನ ಗಣಪತಿ ಗುಡಿ. ಇಪ್ಪತ್ತೆರಡರಲ್ಲಿ ಅತ್ತೆಯವರ ತವರು ಹೊಳಲ್ಕೆರೆ ಕಡೆ, ಅವರ ಅಣ್ಣ ನಿವೃತ್ತ ಮೇಷ್ಟ್ರು. ಮೂವತ್ತರಲ್ಲಿ “ಇವತ್ತಿಗೆ ಪುಟ್ಟಿಗೆ ಎಂಟು ತುಂಬಿತು.” ಬರಹದ ಮೇಲೆ ತಾರೀಕು ತಾನಾಗಿ ಬಿದ್ದಿರುತ್ತದೆ. ಅಲ್ಲಿಗೆ ಮಗುವಿನ ಹುಟ್ಟಿದ ದಿನ, ತಿಂಗಳು, ವರ್ಷ ಮೂರೂ ಸಿಕ್ಕವು.

ಆಮೇಲೆ ಆ ಹುಟ್ಟುಹಬ್ಬದ ಚಿತ್ರ. ಮಗಳ ಮುಖ ಕಾಣದ ಹಾಗೆ ಬೆನ್ನ ಕಡೆಯಿಂದ ತೆಗೆದಿದ್ದೀರಿ. ಆ ಎಚ್ಚರ ಮೆಚ್ಚಿದೆ. ಆದರೆ ಮೇಜಿನ ಮೇಲಿನ ಕೇಕಿನಲ್ಲಿ ಕೆಂಪು ಕ್ರೀಮಿನಲ್ಲಿ ಅವಳ ನಿಜ ಹೆಸರಿದೆ. ಒಂದಕ್ಷರ ಮೇಣದ ಬತ್ತಿಯ ಹಿಂದೆ ಅಡಗಿದೆ, ಉಳಿದವನ್ನು ದೊಡ್ಡದು ಮಾಡಿ ನೋಡಿದರೆ ಓದಬಹುದು. ಹಿಂದೆ ಕುರ್ಚಿಗೆ ತೂಗುಹಾಕಿದ ಶಾಲೆಯ ಬ್ಯಾಗು, ಅದರ ಮೇಲೆ ಶಾಲೆಯ ಮುದ್ರೆ. ಬಾಗಿಲಾಚೆ ನಿಂತ ಸ್ಕೂಟಿಯ ನಂಬರಿನಲ್ಲಿ ಕೆಎ-17 ಮತ್ತು ಮುಂದಿನ ಎರಡು ಅಕ್ಷರ ಕಾಣುತ್ತವೆ. ಎರಡು ವರ್ಷ ‘ಪುಟ್ಟಿ’ ಎಂದು ಕಾಪಾಡಿಕೊಂಡು ಬಂದದ್ದನ್ನು ಒಂದು ಚಿತ್ರ ಬಿಟ್ಟುಕೊಟ್ಟಿತು.

ನೋಡಿ, ಆ ಚಿತ್ರವೊಂದನ್ನು ಬಿಟ್ಟರೆ ನಲವತ್ತೊಂದರಲ್ಲಿ ಒಂದೇ ಒಂದು ಬರಹವೂ ಗುಟ್ಟು ಬಿಟ್ಟಿಲ್ಲ. ಯಾವುದನ್ನೇ ಬಿಡಿಯಾಗಿ ಓದಿದರೂ ದಾವಣಗೆರೆಯ ಸಾವಿರ ಮನೆಗಳಿಗೆ ಒಪ್ಪುತ್ತದೆ. ಗುಟ್ಟು ಹೋಗಿರುವುದು ಅವು ಒಂದಕ್ಕೊಂದು ಸೇರಿದಾಗ. ನನ್ನ ಹಾಳೆಯಲ್ಲಿ ಹದಿನೇಳು ಸಾಲುಗಳಾದವು. ಅಷ್ಟಕ್ಕೂ ಒಪ್ಪುವ ಮನೆ ಒಂದೇ.

ಇದು ನನ್ನ ಊಹೆಯ ಮಾತಲ್ಲ. 1990ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಸರ್ಕಾರಿ ನೌಕರರ ಆಸ್ಪತ್ರೆ ದಾಖಲೆಗಳನ್ನು ಸಂಶೋಧನೆಗೆಂದು ಕೊಟ್ಟಿದ್ದರು. ಹೆಸರು, ವಿಳಾಸ ತೆಗೆದುಹಾಕಿದ್ದರಿಂದ ಭಯವಿಲ್ಲ ಎಂದುಕೊಂಡಿದ್ದರು. ಲತಾನ್ಯಾ ಸ್ವೀನಿ ಎಂಬ ವಿದ್ಯಾರ್ಥಿನಿ ಇಪ್ಪತ್ತು ಡಾಲರ್ ಕೊಟ್ಟು ಅದೇ ರಾಜ್ಯದ ಕೇಂಬ್ರಿಜ್ ಊರಿನ ಮತದಾರರ ಪಟ್ಟಿ ಕೊಂಡು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಹುಟ್ಟಿದ ದಿನಾಂಕ, ಗಂಡೋ ಹೆಣ್ಣೋ ಎಂಬುದು, ಅಂಚೆಯ ಪಿನ್ ಸಂಖ್ಯೆ ಇವು ಮೂರೇ ಸಾಕಾದವು. ಆ ರಾಜ್ಯದ ಗವರ್ನರ್ ವಿಲಿಯಂ ವೆಲ್ಡ್ ಅವರದೇ ಆಸ್ಪತ್ರೆ ದಾಖಲೆ ಅವಳಿಗೆ ಸಿಕ್ಕಿತು. ಈಗ ನಿಮ್ಮ ಬರಹಗಳನ್ನು ನೆನೆಸಿಕೊಳ್ಳಿ. ಆ ಮೂರೂ ಅವುಗಳಲ್ಲಿ ಇವೆ.

ನಾನು ಹುಟ್ಟಿದ್ದು ಚಿತ್ರದುರ್ಗದಲ್ಲಿ, ಕೋಟೆಯ ಕೆಳಗಿನ ಬೀದಿಯಲ್ಲಿ. ಓಬವ್ವನ ಕಿಂಡಿಯ ಕಥೆ ನಿಮಗೂ ಗೊತ್ತು. ಓಬವ್ವನ ಒನಕೆ ಎಲ್ಲರಿಗೂ ನೆನಪಿರುತ್ತದೆ, ನನಗೆ ನೆನಪಿರುವುದು ಅದಕ್ಕೂ ಹಿಂದಿನ ಭಾಗ. ಹೈದರಾಲಿಯ ಕಡೆಯವರಿಗೆ ಕಿಂಡಿ ಇರುವುದು ಗೊತ್ತಾದದ್ದು ಹೇಗೆ? ನಮ್ಮಜ್ಜಿ ಹೇಳುತ್ತಿದ್ದ ಹಾಗೆ, ಯಾರೂ ಹೋಗಿ ಚಾಡಿ ಹೇಳಲಿಲ್ಲ. ಮೊಸರು ಮಾರುವವಳೊಬ್ಬಳು ದಿನಾ ಅದೇ ದಾರಿಯಲ್ಲಿ ಹೋಗಿ ಬರುತ್ತಿದ್ದಳು, ಅವರು ಅದನ್ನು ದಿನಾ ನೋಡಿದರು. ಅವಳು ಮಾಡಿದ ತಪ್ಪೇನೂ ಇಲ್ಲ. ಅವಳ ದಿನಚರಿ ಕಣ್ಣಿಗೆ ಬಿತ್ತು, ಅಷ್ಟೇ. ವ್ಯಾನಿನ ಎಂಟು ಹತ್ತರ ಹೊತ್ತನ್ನು ಓದಿದಾಗ ನನಗೆ ಅವಳೇ ನೆನಪಾದಳು.

ಆದ್ದರಿಂದ ಎಲ್ಲಕ್ಕಿಂತ ಮೊದಲು ಬರಹಗಳಿಂದ ತೆಗೆಯಬೇಕಾದದ್ದು ದಿನಚರಿ. ಹೆಸರಿನ ಯೋಚನೆ ಆಮೇಲೆ. ದಿನಾ ಒಂದೇ ಹೊತ್ತು, ಒಂದೇ ಜಾಗ, ಒಬ್ಬಳೇ ಮಗು, ಇವು ಮೂರೂ ಒಂದೇ ಬರಹದಲ್ಲಿ ಯಾವತ್ತೂ ಕೂಡಬಾರದು. ಬೆಳಗಿನ ವಾಕಿಂಗಿಗೂ ಇದೇ ಮಾತು. ಕೆರೆ ಸುತ್ತ ನಡೆದು, ಫೋನಿನ ಆ್ಯಪ್ ಬಿಡಿಸಿದ ದಾರಿಯ ನಕ್ಷೆಯನ್ನು ಹಂಚಿಕೊಳ್ಳುವವರಿದ್ದಾರೆ. ಆ ಗೆರೆ ಹೊರಡುವುದೂ ಮುಗಿಯುವುದೂ ಅವರವರ ಮನೆ ಗೇಟಿನಲ್ಲಿ. ಸ್ಟ್ರಾವಾ ಎಂಬ ವ್ಯಾಯಾಮದ ಆ್ಯಪ್ ಪ್ರಕಟಿಸಿದ್ದ ಇಂಥದೇ ನಕ್ಷೆಯಲ್ಲಿ, ಸೈನಿಕರು ಓಡಿದ ದಾರಿಗಳಿಂದ ಸೇನಾ ನೆಲೆಗಳೇ ಗುರುತು ಸಿಕ್ಕು 2018ರ ಜನವರಿಯಲ್ಲಿ ದೊಡ್ಡ ಸುದ್ದಿಯಾಗಿತ್ತು.

ಊರಿಗೆ ಹೋಗುವ ವಿಷಯವೂ ಹಾಗೆಯೇ. ಹೋದ ವರ್ಷ ಮನೆಮಂದಿಯೆಲ್ಲ ಕೊಟ್ಟೂರು ತೇರಿಗೆ ಪಾದಯಾತ್ರೆ ಹೊರಟದ್ದನ್ನು ಹೊರಟ ದಿನವೇ ಬರೆದಿದ್ದೀರಿ. ಬೀಗ ಹಾಕಿದ ಮನೆ, ಎಷ್ಟು ದಿನ ಎಂಬ ಲೆಕ್ಕ ಎರಡೂ ಅದರಲ್ಲಿವೆ. ಬಂದ ಮೇಲೆ ಬರೆಯಿರಿ. ಕಾಲಿನ ಬೊಬ್ಬೆ ಆಗಲೂ ಇರುತ್ತದೆ, ದಾರಿಯಲ್ಲಿ ಮಜ್ಜಿಗೆ ಕೊಟ್ಟವರ ನೆನಪೂ ಇರುತ್ತದೆ. ಯಾವುದನ್ನೇ ಆದರೂ ಎರಡು ಮೂರು ವಾರ ತಡೆದು ಹಾಕುವ ಅಭ್ಯಾಸ ಮಾಡಿಕೊಂಡರೆ ಅರ್ಧ ಅಪಾಯ ಅಲ್ಲೇ ತಪ್ಪುತ್ತದೆ.

ದಿನಚರಿ ತೆಗೆದರೆ ಬರಹ ಸಪ್ಪೆಯಾಗುತ್ತದೆ ಎಂದು ನೀವು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ನಿಮ್ಮದೇ ಸಾಲು ನೋಡಿ: “ಬೆಳಗ್ಗೆ ಎಂಟು ಹತ್ತಕ್ಕೆ ಪುಟ್ಟಿಯನ್ನು ತಿರುವಿನ ಗಣಪತಿ ಗುಡಿ ಹತ್ತಿರ ವ್ಯಾನಿಗೆ ಹತ್ತಿಸಿದೆ, ಹತ್ತುವ ಮುಂಚೆ ತಿರುಗಿ ನೋಡಿ ಟಾಟಾ ಮಾಡಿದಳು.” ಇದರಲ್ಲಿ ಓದುವವರ ಮನಸ್ಸು ಮುಟ್ಟುವುದು ಯಾವುದು? ತಿರುಗಿ ನೋಡಿದ್ದು. ಹೊತ್ತು, ತಿರುವು, ಗುಡಿ ಎಲ್ಲ ತೆಗೆದು “ವ್ಯಾನು ಹತ್ತುವ ಮುಂಚೆ ಒಮ್ಮೆ ತಿರುಗಿ ನೋಡಿದಳು. ದಿನಾ ನೋಡುವುದಿಲ್ಲ, ಇವತ್ತು ನೋಡಿದಳು” ಎಂದು ಬರೆದರೆ ನಷ್ಟವೇನು? ಅಪರಿಚಿತನಿಗೆ ಉಪಯೋಗಕ್ಕೆ ಬರುವ ವಿವರ ಬೇರೆ, ಓದುಗರಿಗೆ ಬೇಕಾದ ವಿವರ ಬೇರೆ. ಎಷ್ಟೋ ಸಲ ಅವು ಒಂದರ ಪಕ್ಕ ಒಂದು ಕೂತಿರುತ್ತವೆ. ಬೇರ್ಪಡಿಸುವುದು ಅಕ್ಕಿ ಆರಿಸಿದ ಹಾಗೆ, ಕಣ್ಣು ಒಮ್ಮೆ ಪಳಗಿದರೆ ಕೈ ತಾನಾಗಿ ಹೋಗುತ್ತದೆ.

ವಿವರ ಬದಲಿಸಿದರೆ ಸುಳ್ಳು ಹೇಳಿದಂತೆ ಆಗುವುದಿಲ್ಲವೇ ಎಂದೂ ಕೇಳಿದ್ದೀರಿ. ಅಂಗಡಿಯ ಬೀದಿ, ನೆಂಟರ ಸಂಬಂಧ, ವಾರದ ದಿನ ಬದಲಿಸಿದರೆ ಸುಳ್ಳಾಗದು ಎಂಬುದು ನನ್ನ ಅಭಿಪ್ರಾಯ. ಆಡದ ಮಾತನ್ನು ಆಡಿದರು ಎಂದು ಬರೆದರೆ ಸುಳ್ಳು. “ಇಲ್ಲಿ ಜಾಗ, ಹೊತ್ತು, ಕೆಲವು ಗುರುತುಗಳನ್ನು ಬದಲಿಸಿದ್ದೇನೆ” ಎಂದು ಮೊದಲಲ್ಲೇ ಒಂದು ಸಾಲು ಬರೆದುಬಿಡಿ. ಓದುಗರು ಅರ್ಥ ಮಾಡಿಕೊಳ್ಳುತ್ತಾರೆ. ಒಂದು ಸಣ್ಣ ನೋಟ್‌ಬುಕ್ಕೂ ಇಟ್ಟುಕೊಳ್ಳಿ. ಯಾವುದನ್ನು ಹೇಳಿಯಾಗಿದೆ, ಯಾವುದನ್ನು ಹೇಗೆ ಬದಲಿಸಿದ್ದೇನೆ ಎಂದು ಅದರಲ್ಲಿ ಬರೆದಿಡಿ. ಇಲ್ಲದಿದ್ದರೆ ಒಂದು ಬರಹದಲ್ಲಿ ಮುಚ್ಚಿದ್ದನ್ನು ಇನ್ನೊಂದರಲ್ಲಿ ನೀವೇ ತೆರೆದಿಡುತ್ತೀರಿ.

ಇನ್ನು ಚಿತ್ರಗಳು. ಕಣ್ಣಿಗೆ ಕಾಣುವುದು ಮತ್ತು ಕಾಣದ್ದು ಎಂದು ಎರಡು ಬಗೆ. ಕಾಣುವುದನ್ನು ಹಿಡಿಯಲು, ಹಾಕುವ ಮುಂಚೆ ಚಿತ್ರವನ್ನು ದೊಡ್ಡದು ಮಾಡಿ, ಮಧ್ಯದ ಮುಖಗಳನ್ನು ಬಿಟ್ಟು ನಾಲ್ಕು ಮೂಲೆಗಳನ್ನು ಮೊದಲು ನೋಡಿ. ಕೊರಿಯರ್ ಡಬ್ಬದ ಮೇಲಿನ ವಿಳಾಸ, ಫ್ರಿಜ್ಜಿಗೆ ಅಂಟಿಸಿದ ಫೀಸಿನ ರಸೀದಿ, ಕೊರಳಿನ ಐಡಿ ಕಾರ್ಡು, ಕರೆಂಟ್ ಬಿಲ್ಲು, ಔಷಧಿ ಚೀಟಿ ಎಲ್ಲವೂ ಮೂಲೆಯಲ್ಲೇ ಇರುತ್ತವೆ. ನಮ್ಮ ಕಡೆ ಎಲ್ಲಕ್ಕಿಂತ ಅಪಾಯದ ಚಿತ್ರ ಲಗ್ನಪತ್ರಿಕೆಯದು. ಮೂಲೆಗೆ ಅರಿಶಿಣ ಹಚ್ಚಿದ ಆ ಒಂದು ಹಾಳೆಯಲ್ಲಿ ಅಜ್ಜ ಅಜ್ಜಿಯಿಂದ ಹಿಡಿದು ಮೊಮ್ಮಕ್ಕಳವರೆಗೆ ಹೆಸರು, ಊರು, ಮನೆ ವಿಳಾಸ, ಮೊಬೈಲ್ ನಂಬರು, ಮನೆಯಲ್ಲಿ ಯಾರೂ ಇರದ ತಾರೀಕು ಎಲ್ಲ ಇರುತ್ತದೆ. ಗೃಹಪ್ರವೇಶದ ಪತ್ರಿಕೆಯೂ ಅಷ್ಟೇ. ಅದರಲ್ಲಿ ಎಷ್ಟೋ ಸಲ ದಾರಿಯ ನಕ್ಷೆಯನ್ನೂ ಮುದ್ರಿಸಿರುತ್ತಾರೆ.

ಮುಚ್ಚುವಾಗ ಫೋನಿನ ಹೈಲೈಟರ್ ಪೆನ್ನಿನಿಂದ ಕಪ್ಪು ಬಳಿದು ಸುಮ್ಮನಾಗಬೇಡಿ. ಅದರ ಬಣ್ಣ ತೆಳು. ಚಿತ್ರದ ಬೆಳಕು ಹೆಚ್ಚಿಸಿದರೆ ಕೆಳಗಿನ ಅಕ್ಷರ ಎದ್ದು ಬರುತ್ತದೆ. ಆ ಭಾಗವನ್ನು ಕತ್ತರಿಸಿಯೇ ತೆಗೆಯಿರಿ, ಇಲ್ಲವೇ ಗಟ್ಟಿ ಬಣ್ಣದ ಚೌಕ ಇಡಿ.

ಕಾಣದ್ದು ಚಿತ್ರದ ಫೈಲಿನ ಒಳಗಿರುತ್ತದೆ. ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ ಚಿತ್ರ ತೆಗೆದ ಜಾಗದ ಅಕ್ಷಾಂಶ, ರೇಖಾಂಶ, ತಾರೀಕು, ಹೊತ್ತು ಎಲ್ಲವನ್ನೂ ಫೋನು ಅದರಲ್ಲಿ ಬರೆದಿಡುತ್ತದೆ. ಇದಕ್ಕೆ ಎಕ್ಸಿಫ್ ಎನ್ನುತ್ತಾರೆ. ಆ ಸಂಖ್ಯೆಗಳನ್ನು ನಕ್ಷೆಯಲ್ಲಿ ಹಾಕಿದರೆ ಬೆರಳು ನಿಮ್ಮ ಅಡುಗೆಮನೆಯ ಮೇಲೇ ನಿಲ್ಲುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಚಿತ್ರ ತೋರಿಸುವಾಗ ಈ ಮಾಹಿತಿಯನ್ನು ಇತರರಿಗೆ ಕೊಡುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ಫೋಟೋ ಆಗಿ ಕಳಿಸಿದರೂ ಅದು ಹೋಗುವುದಿಲ್ಲ. ಅದೇ ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಎಂದು ಕಳಿಸಿದರೆ ಮೂಲ ಫೈಲು ಇದ್ದ ಹಾಗೇ ಹೋಗುತ್ತದೆ. ಸ್ವಂತ ತಾಣ ಕಟ್ಟಿಕೊಂಡು ಮೂಲ ಫೈಲು ಏರಿಸುವವರದ್ದೂ ಎಷ್ಟೋ ಸಲ ಹಾಗೇ ಉಳಿಯುತ್ತದೆ. ಕ್ಯಾಮೆರಾದ ಸೆಟ್ಟಿಂಗ್ಸ್‌ಗೆ ಹೋಗಿ ಲೊಕೇಶನ್ ಟ್ಯಾಗ್ ಆಫ್ ಮಾಡಿ. ಈಗಾಗಲೇ ತೆಗೆದಿರುವ ಚಿತ್ರಗಳಿಗೆ ಸುಲಭದ ಉಪಾಯವಿದೆ: ಚಿತ್ರವನ್ನು ತೆರೆದು ಅದರ ಸ್ಕ್ರೀನ್‌ಶಾಟ್ ತೆಗೆದು, ಆ ಸ್ಕ್ರೀನ್‌ಶಾಟನ್ನು ಹಾಕಿ. ಜಾಗದ ಗುರುತು ಅದರ ಜೊತೆ ಬರುವುದಿಲ್ಲ.

ಹುಟ್ಟಿದ ದಿನದ ಬಗ್ಗೆ ಒಂದು ಮಾತು ಉಳಿದಿದೆ. ಕಳ್ಳನಿಗೆ ನಮ್ಮ ಹುಟ್ಟುಹಬ್ಬದಿಂದ ಏನು ಲಾಭ ಎಂದು ನನ್ನ ತರಗತಿಯಲ್ಲೂ ಕೇಳುತ್ತಾರೆ. ಡೌನ್‌ಲೋಡ್ ಮಾಡಿದ ಇ-ಆಧಾರ್ ಫೈಲು ತೆರೆಯಲು ಕೇಳುವ ಪಾಸ್‌ವರ್ಡ್ ಏನು ಹೇಳಿ? ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಹುಟ್ಟಿದ ಇಸವಿ. ಎಷ್ಟೋ ಬ್ಯಾಂಕುಗಳ ಸ್ಟೇಟ್‌ಮೆಂಟಿಗೂ ಹೆಚ್ಚು ಕಡಿಮೆ ಇಂಥದೇ ಬೀಗ. ತಾಯಿಯ ತವರಿನ ಹೆಸರು, ಓದಿದ ಮೊದಲ ಶಾಲೆ, ಸಾಕಿದ ನಾಯಿಯ ಹೆಸರು, ಇವೆಲ್ಲ ಪಾಸ್‌ವರ್ಡ್ ಮರೆತವರನ್ನು ಕೇಳುವ ಪ್ರಶ್ನೆಗಳು. ನೀವು ಅಕ್ಕರೆಯಿಂದ ಬರೆದ ಬಾಲ್ಯದ ನೆನಪಿನಲ್ಲಿ ಆ ಮೂರೂ ಉತ್ತರಗಳಿವೆ. ಇನ್ನು ಫೋನ್ ಮಾಡಿ ಮೋಸ ಮಾಡುವವರು. “ಅಮ್ಮಾ, ನಿಮ್ಮಣ್ಣ ಮೇಷ್ಟ್ರ ಶಿಷ್ಯ ನಾನು, ನಿಮ್ಮ ಮಂಡಿ ಆಪರೇಷನ್ ದುಡ್ಡಿನ ವಿಷಯ” ಎಂದು ಶುರು ಮಾಡಿದರೆ ನಿಮ್ಮ ಅತ್ತೆಯವರು ನಂಬದೆ ಇರುತ್ತಾರೆಯೇ?

ಬರೆಯುವುದಕ್ಕೆ ಬೇರೆ ಇಮೇಲ್ ಇಟ್ಟುಕೊಳ್ಳಿ. ಅದಕ್ಕೆ ನಿಮ್ಮ ಮುಖದ ಚಿತ್ರ ಬೇಡ. ಫೋನಿನ ಕಾಂಟ್ಯಾಕ್ಟ್ ಪಟ್ಟಿ ನೋಡಲು ಆ ಖಾತೆಗೆ ಅನುಮತಿ ಕೊಡಬೇಡಿ. ಕೊಟ್ಟರೆ ನಿಮ್ಮ ನಂಬರ್ ಇರುವವರಿಗೆಲ್ಲ “ಇವರು ನಿಮಗೆ ಗೊತ್ತಿರಬಹುದು” ಎಂದು ಅದೇ ತೋರಿಸಿಬಿಡುತ್ತದೆ. ಆ ಮಾರ್ಕೆಟ್ಟಿನ ಹೆಂಗಸಿಗೆ ನೀವು ಸಿಕ್ಕಿದ್ದು ಹೀಗೆಯೂ ಇರಬಹುದು.

ಇಷ್ಟೂ ಅಪರಿಚಿತರ ವಿಷಯವಾಯಿತು. ನನ್ನ ಅನುಭವದಲ್ಲಿ ಅದು ಸುಲಭದ ಅರ್ಧ.

ಕಷ್ಟದ ಅರ್ಧ ಪರಿಚಿತರದ್ದು. ದಾವಣಗೆರೆ ಎಷ್ಟೇ ಬೆಳೆದರೂ ಬೀಗರ ಬೀಗರು ಎಲ್ಲೋ ಒಂದು ಕಡೆ ಕೂಡುವ ಊರು. ನೀವು ಎಷ್ಟೇ ಬದಲಿಸಿ ಬರೆದರೂ ನಿಮ್ಮ ನಾದಿನಿಗೆ, ಅವರ ಓರಗಿತ್ತಿಗೆ, ಮಗನ ತರಗತಿಯ ಹುಡುಗರ ತಾಯಂದಿರಿಗೆ ನಾಲ್ಕು ಸಾಲಿನಲ್ಲಿ ಗೊತ್ತಾಗುತ್ತದೆ. ಅವರಿಂದ ಮುಚ್ಚಿಡುವ ತಂತ್ರ ಯಾವುದೂ ಇಲ್ಲ. ಅಲ್ಲಿ ಇರುವುದು ಒಂದೇ ದಾರಿ, ಯಾರ ಬಗ್ಗೆ ಬರೆಯುತ್ತೀರೋ ಅವರನ್ನು ಕೇಳುವುದು.

ಇದನ್ನು ನಾನು ಕಲಿತದ್ದು ನೋವು ಕೊಟ್ಟು. ಬಹಳ ವರ್ಷದ ಹಿಂದೆ ನಮ್ಮಮ್ಮನ ಬಗ್ಗೆ ಒಂದು ಬರಹ ಬರೆದಿದ್ದೆ. ನಮ್ಮಪ್ಪನ ದುಡಿಮೆ ಸಾಲದೆ ಹೋದಾಗ ಅಮ್ಮ ಅಕ್ಕಿ ಡಬ್ಬದ ತಳದಲ್ಲಿ ಸಣ್ಣ ಬಟ್ಟೆ ಗಂಟಿನಲ್ಲಿ ಚಿಲ್ಲರೆ ಕೂಡಿಟ್ಟು ನನ್ನ ಕಾಲೇಜು ಫೀಸು ಕಟ್ಟಿದ ಕಥೆ. ಮೆಚ್ಚಿ ಎಷ್ಟೋ ಜನ ಪತ್ರ ಬರೆದರು. ಹೆಸರು ಹಾಕಿರಲಿಲ್ಲ. ಬೀದಿಯವರಿಗೆಲ್ಲ ಗೊತ್ತಾಯಿತು. ಮುಂದಿನ ಸಲ ದುರ್ಗಕ್ಕೆ ಹೋದಾಗ ಅಮ್ಮ ಹೆಚ್ಚು ಮಾತಾಡಲಿಲ್ಲ. ರಾತ್ರಿ ಹಾಸಿಗೆ ಹಾಸುತ್ತಾ ಹೇಳಿದರು: “ನಿಮ್ಮಪ್ಪನ ಮರ್ಯಾದೆನ ಆ ಡಬ್ಬದಾಗೆ ಮುಚ್ಚಿಟ್ಟಿದ್ದೆ ಕಣಮ್ಮ. ನೀನು ತಗದು ಬೀದಿಗಿಟ್ಟೆ.” ನಾನು ಅದನ್ನು ಅಮ್ಮನ ಹಿರಿಮೆಯ ಕಥೆ ಎಂದುಕೊಂಡಿದ್ದೆ. ಅಮ್ಮನಿಗೆ ಅದು ಅಪ್ಪನ ಕೈಲಾಗದ ದಿನಗಳ ಕಥೆ. ಎರಡೂ ನಿಜ. ಹೇಳಬೇಕೋ ಬೇಡವೋ ಎಂಬುದು ಮಾತ್ರ ನನ್ನೊಬ್ಬಳದೇ ತೀರ್ಮಾನವಾಗಿರಲಿಲ್ಲ.

ನಿಮ್ಮ ಅತ್ತೆಯವರ ಮಂಡಿ ನೋವು, ಅವರು ರಾತ್ರಿ ಎದ್ದು ಬಚ್ಚಲಿಗೆ ಹೋಗಲು ಪಡುವ ಪಾಡು, ಆಪರೇಷನ್ನಿಗೆ ಹೆದರಿ ಅತ್ತದ್ದು, ಎಲ್ಲ ಬರೆದಿದ್ದೀರಿ. ಅವರು ಅದನ್ನು ಓದಿದ್ದಾರೆಯೇ? ಪತ್ರದಲ್ಲಿ ನೀವು ಹೇಳಿಲ್ಲ. ಫೋನಿನಲ್ಲಿ ಓದುವ ರೂಢಿ ಅವರಿಗಿಲ್ಲದಿದ್ದರೆ ನೀವೇ ಗಟ್ಟಿಯಾಗಿ ಓದಿ ಹೇಳಿ. ಕೇಳುತ್ತಾ ಎಲ್ಲಿ ನಗುತ್ತಾರೆ, ಎಲ್ಲಿ ಸೆರಗು ಸರಿಪಡಿಸಿಕೊಂಡು ಸುಮ್ಮನಾಗುತ್ತಾರೆ ನೋಡಿ. ಸುಮ್ಮನಾದ ಕಡೆ ಅವರು “ಇರಲಿ ಬಿಡು” ಎಂದರೂ ತೆಗೆದುಬಿಡಿ. ನಮ್ಮ ಹಿರಿಯರು ಸೊಸೆಯ ಮುಂದೆ “ಬೇಡ” ಎಂಬ ಮಾತನ್ನು ಎಷ್ಟೋ ಸಲ ಮೌನದಲ್ಲೇ ಹೇಳುತ್ತಾರೆ.

ಮಗನಿಗೆ ಹದಿಮೂರು. ಅವನ ಬಗ್ಗೆ ಬರೆದ ಏಳು ಬರಹಗಳಲ್ಲಿ ಎರಡು ನನಗೆ ಕಳವಳ ತಂದವು. ಒಂದು, ಅವನು ಗಣಿತದಲ್ಲಿ ಫೇಲಾಗಿ ಉತ್ತರಪತ್ರಿಕೆಯನ್ನು ಹಾಸಿಗೆ ಕೆಳಗೆ ಬಚ್ಚಿಟ್ಟದ್ದು. ಇನ್ನೊಂದು, ಅವನು ಆರು ವರ್ಷದವನಿದ್ದಾಗ ಹಾಸಿಗೆ ಒದ್ದೆ ಮಾಡುತ್ತಿದ್ದದ್ದು. ನಿಮಗೆ ಅದು ಮುದ್ದಿನ ನೆನಪು. ಎಂಟನೆಯ ತರಗತಿಯ ಹುಡುಗರ ಕೈಗೆ ಸಿಕ್ಕರೆ ಅದೇ ಅವನ ಅಡ್ಡಹೆಸರಾಗುತ್ತದೆ, ಎಸ್‌ಎಸ್‌ಎಲ್‌ಸಿ ಮುಗಿಯುವವರೆಗೂ ಬಿಡುವುದಿಲ್ಲ. ಅವನನ್ನು ಕೂರಿಸಿಕೊಂಡು ಏಳನ್ನೂ ಓದಿಸಿ, ಯಾವುದು ಬೇಡ ಎನ್ನುತ್ತಾನೋ ಅದನ್ನು ಕಾರಣ ಕೇಳದೆ ತೆಗೆಯಿರಿ. ಮುಂದೆಯೂ ಅವನ ಬಗ್ಗೆ ಬರೆದದ್ದನ್ನು ಅವನು ಹೂಂ ಎಂದ ಮೇಲೆಯೇ ಹಾಕಿ. ಮಗಳು ಚಿಕ್ಕವಳು, ಅವಳನ್ನು ಕೇಳಿದರೂ ಏನು ತಿಳಿದೀತು ಎನ್ನಬೇಡಿ. ಅವಳ ಪರವಾಗಿ ನೀವು ಯೋಚಿಸಬೇಕು: ಹದಿನೆಂಟು ವರ್ಷದ ಅವಳು ಇದನ್ನು ಓದಿದರೆ ಏನೆನ್ನುತ್ತಾಳೆ? ಸ್ನಾನದ ಚಿತ್ರ, ಬಟ್ಟೆಯಿಲ್ಲದ ಎಳೆಗೂಸಿನ ಚಿತ್ರ, ಕಾಯಿಲೆಯ ವಿವರ, ಹೊಡೆದು ಬೈದು ಅಳಿಸಿದ ಪ್ರಸಂಗ ಯಾವ ಕಾರಣಕ್ಕೂ ಬೇಡ. ಇನ್ನು ಮೂರು ನಾಲ್ಕು ವರ್ಷದಲ್ಲಿ ಅವಳು ದೊಡ್ಡವಳಾಗುತ್ತಾಳೆ. ನಮ್ಮ ಕಡೆ ಆರತಿ ಮಾಡಿದ ಚಿತ್ರಗಳನ್ನು ಸ್ಟೇಟಸ್ಸಿಗೆ ಹಾಕುವವರನ್ನು ನೋಡುತ್ತಿರುತ್ತೇನೆ. ಆ ಹುಡುಗಿಯನ್ನು ಯಾರೂ ಕೇಳಿರುವುದಿಲ್ಲ. ಮರುದಿನ ಅವಳು ಶಾಲೆಗೆ ಹೋಗಬೇಕು. ದಯವಿಟ್ಟು ನೀವು ಹಾಗೆ ಮಾಡಬೇಡಿ, ನೆಂಟರಿಗೂ ಮೊದಲೇ ಹೇಳಿಡಿ.

ಕಾನೂನು ಕಾಪಾಡುವುದಿಲ್ಲವೇ ಎಂದರೆ, ಸ್ವಲ್ಪ ಮಾತ್ರ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾಗಿದ್ದ ಕೆ.ಎಸ್. ಪುಟ್ಟಸ್ವಾಮಿಯವರು, ತೊಂಬತ್ತರ ಹತ್ತಿರದ ವಯಸ್ಸಿನಲ್ಲಿ. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ಮೂರನೆಯ ಸೆಕ್ಷನ್ನನ್ನು ನೀವು ತಿಳಿದಿರಬೇಕು. ಯಾರಾದರೂ ತಮ್ಮ ಮಾಹಿತಿಯನ್ನು ತಾವೇ ಸಾರ್ವಜನಿಕವಾಗಿ ಇಟ್ಟರೆ ಆ ಮಾಹಿತಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎನ್ನುತ್ತದೆ ಅದು. ಅಲ್ಲಿ ಕೊಟ್ಟಿರುವ ಉದಾಹರಣೆಯೂ ನಿಮ್ಮಂಥ ಒಬ್ಬ ಹೆಣ್ಣುಮಗಳದೇ, ಅಂತರ್ಜಾಲದಲ್ಲಿ ತನ್ನ ಅನಿಸಿಕೆ ಬರೆಯುತ್ತಾ ತನ್ನ ವಿವರ ಬಿಟ್ಟುಕೊಟ್ಟವಳದು. ಹದಿನೆಂಟು ತುಂಬದವರ ಮಾಹಿತಿಯನ್ನು ಕಂಪನಿಗಳು ಬಳಸಬೇಕಾದರೆ ತಂದೆತಾಯಿಯ ಒಪ್ಪಿಗೆ ಬೇಕು ಎಂದೂ ಅದೇ ಕಾಯ್ದೆ ಹೇಳುತ್ತದೆ. ಎಂದರೆ ಮಕ್ಕಳ ಬಾಗಿಲಿನ ಕೀಲಿಯನ್ನು ಕಾನೂನು ಕೊಟ್ಟಿರುವುದು ನಿಮ್ಮ ಕೈಗೇ. ಫ್ರಾನ್ಸಿನಲ್ಲಿ 2024ರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಮಗುವಿನ ಚಿತ್ರದ ಹಕ್ಕನ್ನು ಕಾಯುವುದು ತಂದೆತಾಯಿಯ ಕರ್ತವ್ಯ, ವಯಸ್ಸಿಗೆ ತಕ್ಕಂತೆ ಮಗುವಿನ ಮಾತನ್ನೂ ಕೇಳಬೇಕು ಎಂದು ಕಾನೂನು ಮಾಡಿದ್ದಾರೆ. ನಮ್ಮಲ್ಲಿ ಹಾಗೆ ಇಲ್ಲ. ಆದರೆ ಕೇಳಬಾರದು ಎಂದೂ ಇಲ್ಲವಲ್ಲ.

ಯಾರಾದರೂ ಚಿತ್ರ ಕದ್ದು ದುರುಪಯೋಗ ಮಾಡಿದರೆ, ನಿಮ್ಮ ಹೆಸರಿನಲ್ಲಿ ಖಾತೆ ತೆರೆದರೆ, ಅಳಿಸುವ ಮುಂಚೆ ಆ ಪುಟದ ವೆಬ್ ವಿಳಾಸ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗಿ, ಇಲ್ಲವೇ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಿ. ಹಣದ ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಮಗುವಿಗೆ ತೊಂದರೆಯಾದರೆ ಮಕ್ಕಳ ಸಹಾಯವಾಣಿ 1098.

ಈಗ ಹಳೆಯ ನಲವತ್ತೊಂದು ಬರಹಗಳಿಗೆ ಬರೋಣ. ಎಲ್ಲವನ್ನೂ ಒಮ್ಮೆಲೇ ಅಳಿಸಬೇಡಿ. ಮೊದಲು ಎಲ್ಲವನ್ನೂ ಓದುಗರಿಗೆ ಕಾಣದ ಹಾಗೆ ಖಾಸಗಿ ಮಾಡಿ, ಆಮೇಲೆ ವಾರಕ್ಕೆ ಐದರಂತೆ ತಿದ್ದಿ ಹೊರಗೆ ಬಿಡಿ. ನನ್ನ ಹಾಳೆಯಲ್ಲಿ ಗುರುತು ಹಾಕಿದವು ಹನ್ನೊಂದು. ಹೆಚ್ಚಿನವಕ್ಕೆ ಎರಡು ಮೂರು ಸಾಲು ತೆಗೆದರೆ ಸಾಕು. ಗೂಗಲ್ ಹುಡುಕಾಟದಲ್ಲಿ ಹಳೆಯ ರೂಪ ಇನ್ನೂ ಕಾಣುತ್ತಿದ್ದರೆ, ಮೂಲದಲ್ಲಿ ತೆಗೆದ ಮೇಲೆ, ಹಳತಾದ ಮಾಹಿತಿ ತೆಗೆಯಲು ಅವರೇ ಕೊಟ್ಟಿರುವ ಅರ್ಜಿ ತುಂಬಿ. ವೇಬ್ಯಾಕ್ ಮಷೀನ್ ಎಂಬ ಸಂಗ್ರಹವೂ ಪುಟಗಳ ಪ್ರತಿ ಇಟ್ಟುಕೊಳ್ಳುತ್ತದೆ. ಅಲ್ಲಿ ನಿಮ್ಮದು ಸಿಕ್ಕರೆ ತೆಗೆಯಲು ಇಮೇಲ್ ಮೂಲಕ ಕೇಳಬಹುದು. ಯಾರೋ ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ್ದು ಮಾತ್ರ ಹಿಂದಕ್ಕೆ ಬರುವುದಿಲ್ಲ. ಅದಕ್ಕೇ ಇನ್ನು ಮುಂದಿನದಕ್ಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ. ತೀರಾ ಆಪ್ತ ಬರಹಗಳಿದ್ದರೆ ಆಯ್ದ ಹತ್ತು ಹದಿನೈದು ಜನರಿಗಷ್ಟೇ ತೆರೆಯುವಂತೆ ಬೀಗ ಹಾಕುವ ಸೌಲಭ್ಯ ಹೆಚ್ಚಿನ ತಾಣಗಳಲ್ಲಿ ಇದೆ, ಬಳಸಿ. ಆದರೂ ಬೀಗವಿದೆ ಎಂದು ಮಗನ ಉತ್ತರಪತ್ರಿಕೆ ಕಥೆ ಅಲ್ಲಿ ಹಾಕಬೇಡಿ. ಆ ಹದಿನೈದು ಜನರಲ್ಲಿ ಅವನ ಗೆಳೆಯನ ಅಮ್ಮನೂ ಇರುತ್ತಾರೆ.

ಆ ಮಾರ್ಕೆಟ್ಟಿನ ಹೆಂಗಸು ಮತ್ತೆ ಸಿಕ್ಕರೆ ಹೆದರಬೇಡಿ. ನನ್ನ ಊಹೆಯಲ್ಲಿ ಅವರು ನಿಮ್ಮ ಬರಹವನ್ನು ಪ್ರೀತಿಸುವ ಓದುಗರು. ಅತ್ತೆ ಚೆನ್ನಾಗಿದ್ದಾರೆ ಎಂದು ಹೇಳಿ, ನೀವು ನನ್ನನ್ನು ಹೇಗೆ ಗುರುತು ಹಿಡಿದಿರಿ ಎಂದು ಸಮಾಧಾನವಾಗಿ ಕೇಳಿ. ಅವರು ಹೇಳುವ ಒಂದು ವಾಕ್ಯದಲ್ಲಿ ನನ್ನ ಹಾಳೆಗೆ ಸಿಗದ ಕಿಂಡಿ ಇರಬಹುದು. ಸಿಕ್ಕರೆ ನನಗೂ ಬರೆದು ತಿಳಿಸಿ.

ಇವತ್ತು ರಾತ್ರಿಯೇ ಮಾಡಬೇಕಾದ್ದು ಒಂದೇ ಕೆಲಸ. ಆ ಕೇಕಿನ ಚಿತ್ರ ತೆಗೆಯಿರಿ. ತೆಗೆಯುವ ಮುಂಚೆ ಮೂಲ ಪ್ರತಿ ನಿಮ್ಮ ಬಳಿ ಇದೆಯೇ ನೋಡಿಕೊಳ್ಳಿ. ಇದ್ದರೆ ಸ್ಟುಡಿಯೋಗೆ ಕೊಟ್ಟು ದೊಡ್ಡದಾಗಿ ಒಂದು ಪ್ರಿಂಟ್ ಹಾಕಿಸಿ ಅತ್ತೆಯವರಿಗೆ ಕೊಡಿ. ಮೂಲೆಯಲ್ಲಿ ಮೊಮ್ಮಗಳನ್ನೇ ನೋಡುತ್ತಾ ಕೂತಿದ್ದಾರೆ, ಬಹಳ ಚೆನ್ನಾಗಿ ಬಂದಿದ್ದಾರೆ.